ವೆಬ್ ಡಿಸೈನ್ ಕಲಿಯಲು ಹೋದರೆ ಬಣ್ಣ ತಡವಾಗಿ ಬಂತು

ವೆಬ್ ಡಿಸೈನ್ ಕೋರ್ಸಿಗೆ ಸೇರುವವರ ತಲೆಯಲ್ಲಿ ಏನಿರುತ್ತದೆ? ಬಣ್ಣ, ಚೆಂದದ ಫಾಂಟ್, ತಾನಾಗಿ ಜಾರುವ ಚಿತ್ರಗಳು, ಮೌಸ್ ಇಟ್ಟರೆ ಮಿನುಗುವ ಬಟನ್. ನಮ್ಮ ಕೋರ್ಸಿನಲ್ಲಿ ಸೆಮಿಸ್ಟರಿನ ಮೊದಲ ಭಾಗದಲ್ಲಿ ಇವು ಯಾವುವೂ ಇರಲಿಲ್ಲ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ನೀಲಿ ಲಿಂಕ್, ಅಷ್ಟೇ. ಎಲ್ಲಿಂದಲೋ ಕಲಿತು ಹಿನ್ನೆಲೆಗೆ ಬಣ್ಣ ಬಳಿದುಕೊಂಡು ಬಂದವರಿಗೆ ಮೇಡಂ, "ಅದನ್ನ ತೆಗೆದು ಆಮೇಲೆ ತೋರಿಸಿ" ಅನ್ನುತ್ತಿದ್ದರು. "ಇದು ಡಿಸೈನ್ ಕ್ಲಾಸೋ, ಟೈಪಿಂಗ್ ಕ್ಲಾಸೋ" ಎಂಬ ಗೊಣಗಾಟ ಲ್ಯಾಬಿನ ಹಿಂದಿನ ಸಾಲಿನಲ್ಲಿ ನಡೆದೇ ಇತ್ತು. ನನ್ನ ಮುಖ್ಯ ವಿಷಯ ಸಾಹಿತ್ಯ, ಇದು ಐಚ್ಛಿಕವಾಗಿ ತೆಗೆದುಕೊಂಡದ್ದು. ಟೈಪಿಂಗ್ ಆದರೂ ಸರಿ, ಕಲಿಯೋಣ ಎಂದು ಕೂತಿದ್ದೆ. ಈಗ ಲೆಕ್ಕ ಹಾಕಿದರೆ ಬಣ್ಣವಿಲ್ಲದ ಆ ವಾರಗಳೇ ನನಗೆ ಹೆಚ್ಚು ಕೆಲಸಕ್ಕೆ ಬಂದಿವೆ.

ಸಲಕರಣೆ ಅಂತ ಬೇಕಾದದ್ದು ಎರಡೇ: ಒಂದು ಟೆಕ್ಸ್ಟ್ ಎಡಿಟರ್, ಒಂದು ಬ್ರೌಸರ್. ಎಡಿಟರಿನಲ್ಲಿ ನಾಲ್ಕು ಸಾಲು ಬರೆದು, ಫೈಲಿನ ಹೆಸರಿನ ತುದಿಗೆ ಚುಕ್ಕಿ ಇಟ್ಟು ಎಚ್‌ಟಿಎಂಎಲ್ ಎಂದು ಸೇರಿಸಿ ಸೇವ್ ಮಾಡಿದರೆ ಅದು ವೆಬ್ ಪುಟ. ಇಂಟರ್ನೆಟ್ ಕೂಡ ಬೇಕಿಲ್ಲ. ಮೊದಲ ಲ್ಯಾಬಿನಲ್ಲಿ ಎಲ್ಲರಿಗೂ ಆಶ್ಚರ್ಯ ತಂದದ್ದು ಬ್ರೌಸರಿನ ಸಹನೆ. ಟ್ಯಾಗ್ ಅಂದರೆ ಬರಹದ ಯಾವ ಭಾಗ ಏನು ಎಂದು ಬ್ರೌಸರಿಗೆ ಹೇಳುವ ಗುರುತು. ಪ್ಯಾರಾಗ್ರಾಫ್ ಟ್ಯಾಗ್ ತೆರೆದು ಮುಚ್ಚದೆ ಬಿಟ್ಟರೂ ಅದು ಬೈಯುವುದಿಲ್ಲ, ತಾನೇ ಮುಚ್ಚಿಕೊಳ್ಳುತ್ತದೆ. ಒಂದರೊಳಗೊಂದು ಇರಬೇಕಾದ ಟ್ಯಾಗ್‌ಗಳನ್ನು ಅಡ್ಡಾದಿಡ್ಡಿ ಹೆಣೆದರೂ ಏನೋ ಒಂದು ತೋರಿಸುತ್ತದೆ. ಪಕ್ಕದ ಲ್ಯಾಬಿನಲ್ಲಿ ಸಿ ಭಾಷೆ ಕಲಿಯುತ್ತಿದ್ದವರು ಒಂದು ಸೆಮಿಕೋಲನ್ ಬಿಟ್ಟದ್ದಕ್ಕೆ ಪರದೆ ತುಂಬ ಎರರ್ ನೋಡುತ್ತಿದ್ದಾಗ ನಮ್ಮದು ಸುಖದ ಬದುಕು ಅನ್ನಿಸಿತ್ತು. ಆ ಸುಖದಲ್ಲೇ ತೊಂದರೆಯೂ ಇದೆ: ತಪ್ಪಿದ್ದರೂ ಪುಟ ಕಾಣಿಸುವುದರಿಂದ, ತಪ್ಪು ಇದೆಯೆಂದೇ ಗೊತ್ತಾಗುವುದಿಲ್ಲ. ಅದಕ್ಕಾಗಿ, ವೆಬ್ಬಿನ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನವರ ವ್ಯಾಲಿಡೇಟರ್ ಎಂಬ ತಪ್ಪು ಹುಡುಕುವ ಸಾಧನಕ್ಕೆ ಪ್ರತಿ ಪುಟವನ್ನೂ ಕೊಟ್ಟು, ಅದು ಪಾಸು ಅಂದಮೇಲೇ ಮೇಡಂಗೆ ತೋರಿಸಬೇಕು ಎಂಬ ನಿಯಮ ಇತ್ತು. ಬ್ರೌಸರ್ ಸುಮ್ಮನೆ ನುಂಗಿಕೊಂಡ ಪುಟದಲ್ಲಿ ವ್ಯಾಲಿಡೇಟರ್ ಉದ್ದನೆಯ ದೂರಿನ ಪಟ್ಟಿ ಹೊರತೆಗೆಯುತ್ತಿತ್ತು.

ಗುರುತು ಹಾಕುವುದೇ ಆಗಿನ ಮುಖ್ಯ ಅಭ್ಯಾಸ. ಕಾಲೇಜಿನ ಗ್ರಂಥಾಲಯದ ಒಂದು ನೋಟೀಸನ್ನು ಎಲ್ಲರಿಗೂ ಹಂಚಿದ್ದರು. ಅದರಲ್ಲಿ ತಲೆಬರಹ, ತೆರೆಯುವ ಮುಚ್ಚುವ ಸಮಯ, ಪುಸ್ತಕ ಎರವಲು ಪಡೆಯುವ ನಿಯಮಗಳು, ಕೊನೆಯಲ್ಲಿ ಸಹಿ. ಯಾವುದು ಶೀರ್ಷಿಕೆ, ಯಾವುದು ಉಪಶೀರ್ಷಿಕೆ, ಯಾವುದು ಪಟ್ಟಿ, ಪಟ್ಟಿಯಾದರೆ ಕ್ರಮ ಮುಖ್ಯವೋ ಅಲ್ಲವೋ, ಇಷ್ಟನ್ನೂ ಟ್ಯಾಗ್‌ಗಳಲ್ಲಿ ಹೇಳಬೇಕು. ಎಚ್1ರಿಂದ ಎಚ್6ರವರೆಗೆ ಶೀರ್ಷಿಕೆಗೆ ಆರು ಮಟ್ಟಗಳಿವೆ. ಅಕ್ಷರ ದಪ್ಪಗೆ ಕಾಣಲಿ ಎಂದು ಸಹಿಗೆ ಎಚ್2 ಹಾಕಿದವರಿದ್ದರು. "ಸಹಿ ಉಪಶೀರ್ಷಿಕೆನಾ? ಅದರ ಕೆಳಗೆ ಯಾವ ವಿಷಯ ಬರುತ್ತೆ?" ಅಂತ ಮೇಡಂ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ತೆರೆಯುವ ಸಮಯ ಪಟ್ಟಿಯೋ ಕೋಷ್ಟಕವೋ ಎಂಬ ವಾದದಲ್ಲೇ ಒಂದು ಇಡೀ ಲ್ಯಾಬ್ ಅವಧಿ ಮುಗಿದುಹೋಯಿತು. ವಾರದ ದಿನ ಒಂದು ಕಡೆ, ತೆರೆಯುವ ಗಂಟೆ ಮತ್ತು ಮುಚ್ಚುವ ಗಂಟೆ ಇನ್ನೊಂದು ಕಡೆ. ಅಡ್ಡಕ್ಕೂ ಉದ್ದಕ್ಕೂ ಓದುವ ಮಾಹಿತಿ, ಹಾಗಾಗಿ ಕೋಷ್ಟಕವೇ ಸರಿ ಎಂದು ತೀರ್ಮಾನವಾಯಿತು. ವ್ಯಾಕರಣದ ತರಗತಿಯಲ್ಲಿ ವಾಕ್ಯ ಬಿಡಿಸುವಾಗ ಬರುವಂಥ ಖುಷಿ ಅದು. ಸಾಹಿತ್ಯದವರಾದ ನಮಗೆ ಇದು ಹೊಸ ಕೆಲಸ ಅನ್ನಿಸಲೇ ಇಲ್ಲ.

ಇತಿಹಾಸದ ಪಾಠ ಬೇಗ ಮುಗಿಯಿತು, ಅದರಲ್ಲಿ ಬಹುಪಾಲು ಪರೀಕ್ಷೆಗೆ ಬಾಯಿಪಾಠ ಮಾಡುವಂಥದ್ದು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್ಬಿನ ಪ್ರಸ್ತಾವ ಬರೆದದ್ದು, 1991ರಲ್ಲಿ ವೆಬ್ ಹೊರಗಿನವರಿಗೆ ತೆರೆದುಕೊಂಡದ್ದು, 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಈ ಪಾಠದಲ್ಲಿ ನನಗೆ ನೆನಪುಳಿದದ್ದು ಇಸವಿಗಳಲ್ಲ. ವೆಬ್ಬಿನ ಮೊಟ್ಟಮೊದಲ ತಾಣದ ಪುಟವನ್ನು ಸರ್ನ್ ಇಂದಿಗೂ ಅದೇ ವಿಳಾಸದಲ್ಲಿ ಇಟ್ಟಿದೆ. ಮೇಡಂ ಅದನ್ನು ದೊಡ್ಡ ಪರದೆಯಲ್ಲಿ ತೆರೆದು, ಕಿಟಕಿಯ ಅಂಚು ಹಿಡಿದು ನಿಧಾನಕ್ಕೆ ಕಿರಿದು ಮಾಡುತ್ತ ಹೋದರು. ಸಾಲುಗಳು ತಾವಾಗಿಯೇ ಮುರಿದು ಕೆಳಕ್ಕಿಳಿದವು. ಏನೂ ಕತ್ತರಿಸಿಹೋಗಲಿಲ್ಲ, ಒಂದರ ಮೇಲೊಂದು ಏರಲಿಲ್ಲ. ಆಮೇಲೆ ಹತ್ತು-ಹನ್ನೆರಡು ವರ್ಷ ಹಳೆಯದೊಂದು ಅಲಂಕಾರದ ತಾಣ ತೆರೆದು ಅದನ್ನೂ ಹಾಗೆಯೇ ಕಿರಿದು ಮಾಡಿದರು. ಮೆನು ಚಿತ್ರದ ಮೇಲೆ ಹತ್ತಿತು, ಅರ್ಧ ಪುಟ ಬಲಕ್ಕೆ ಹೊರಗೆ ಹೋಯಿತು. "ಯಾರು ಏನೂ ಕಟ್ಟಿಹಾಕಲಿಲ್ಲವೋ ಅವರ ಪುಟ ನಿಂತಿದೆ ನೋಡಿ" ಅಂದರು.

ಇನ್ನೊಂದು ದಿನ ಇದೇ ಮಾತನ್ನು ಬೇರೆ ರೀತಿಯಲ್ಲಿ ತೋರಿಸಿದರು. ಎಲ್ಲರಿಗೂ ಗೊತ್ತಿರುವ ಒಂದು ಸುದ್ದಿ ತಾಣ ತೆರೆದು, ಶೀರ್ಷಿಕೆಯ ಮೇಲೆ ಬಲ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಿ, ಅಲ್ಲೇ ಆ ಸಾಲನ್ನು ಅಳಿಸಿ "ನಾಳೆ ಲ್ಯಾಬ್ ಇಲ್ಲ" ಎಂದು ಟೈಪ್ ಮಾಡಿದರು. ತರಗತಿಯಲ್ಲಿ ಹೋ ಎಂದು ಗದ್ದಲ. ಹ್ಯಾಕ್ ಮಾಡಿದರು ಎಂದೇ ಹಲವರು ತಿಳಿದರು. ಪುಟವನ್ನು ಮರುಲೋಡ್ ಮಾಡಿದಾಗ ಹಳೆಯ ಶೀರ್ಷಿಕೆ ಬಂತು. ಸರ್ವರ್, ಅಂದರೆ ಪುಟವನ್ನು ಇಟ್ಟುಕೊಂಡಿರುವ ದೂರದ ಕಂಪ್ಯೂಟರ್, ಕಳಿಸುವುದು ಒಂದು ಪ್ರತಿ. ಅದು ಬಂದಿಳಿಯುವುದು ನೋಡುವವರ ಯಂತ್ರದಲ್ಲಿ. ಅಲ್ಲಿ ಅದನ್ನು ಏನು ಬೇಕಾದರೂ ಮಾಡುವ ಅಧಿಕಾರ ನೋಡುವವರದ್ದು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಚಿತ್ರ ಬೇಡ ಅನ್ನಬಹುದು, ಬಣ್ಣ ತಲೆಕೆಳಗು ಮಾಡಬಹುದು, ಪುಟವನ್ನು ನೋಡದೆ ಕಿವಿಯಲ್ಲೇ ಕೇಳಬಹುದು. ಮುದ್ರಿತ ಪುಸ್ತಕದ ವಿನ್ಯಾಸಕರಿಗೆ ಇರುವ ಹಿಡಿತ ಇಲ್ಲಿಲ್ಲ. ಕೋರ್ಸಿನಲ್ಲಿ ಮುಂದೆ ಬಂದ ಪ್ರತಿಯೊಂದು ವಿಷಯವೂ ನನಗೆ ಈ ಒಂದು ಸಂಗತಿಯ ವಿವರಣೆಯಾಗಿಯೇ ಕಂಡಿತು.

ಚಿತ್ರ ಸೇರಿಸುವ ಲ್ಯಾಬ್ ದಿನ ಗೊಂದಲವೋ ಗೊಂದಲ. ತಮ್ಮ ಯಂತ್ರದಲ್ಲಿ ಸರಿಯಾಗಿ ಕಾಣುವ ಚಿತ್ರ ಮೇಡಂ ಯಂತ್ರದಲ್ಲಿ ಮುರಿದ ಚೌಕವಾಗಿ ಬರುತ್ತಿತ್ತು. ಕಾರಣ, ಚಿತ್ರದ ವಿಳಾಸಕ್ಕೆ ತಮ್ಮ ಸಿ ಡ್ರೈವಿನ ಪೂರ್ತಿ ದಾರಿಯನ್ನೇ ಕೊಟ್ಟಿದ್ದು. ಪರವೂರಿನವರಿಗೆ ಪತ್ರ ಬರೆದು "ಪುಸ್ತಕ ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ, ತೆಗೆದುಕೊಳ್ಳಿ" ಅಂದ ಹಾಗೆ. ಪುಟ ಇರುವ ಫೋಲ್ಡರಿನಿಂದ ಲೆಕ್ಕ ಹಾಕಿ ದಾರಿ ಹೇಳಬೇಕು. ಅದು ಸರಿಹೋದ ಮೇಲೂ ಸರ್ವರಿಗೆ ಏರಿಸಿದಾಗ ಕೆಲವರ ಚಿತ್ರ ಮತ್ತೆ ಮಾಯ. ವಿಂಡೋಸಿಗೆ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ. ನಮ್ಮ ಸರ್ವರ್ ಲಿನಕ್ಸಿನದು, ಅದಕ್ಕೆ ಅವು ಬೇರೆ ಬೇರೆ ಫೈಲು. ಕ್ಯಾಮೆರಾ ಕೊಟ್ಟ ಹೆಸರಿನ ತುದಿಯಲ್ಲಿ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿದ್ದು, ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ಅಲ್ಲಿಗೆ 404, ಅಂದರೆ ಫೈಲ್ ಸಿಗಲಿಲ್ಲ ಎಂಬ ಉತ್ತರ. ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡುವ ಅಭ್ಯಾಸ ಅಂದಿನಿಂದ ಇಡೀ ತರಗತಿಗೆ ಅಂಟಿತು.

ಕೊನೆಗೂ ಸಿಎಸ್‌ಎಸ್ ಬಂತು, ಪುಟ ಹೇಗೆ ಕಾಣಬೇಕು ಎಂದು ಬ್ರೌಸರಿಗೆ ಹೇಳುವ ಭಾಷೆ. ಇನ್ನು ನಮ್ಮದೇ ರಾಜ್ಯ ಎಂದು ಎಲ್ಲರೂ ಹಿಗ್ಗಿದ್ದರು. ಆದರೆ ಮೊದಲ ಪಾಠವೇ, ಈ ರಾಜ್ಯ ಮೂವರದ್ದು ಎಂಬುದು. ಬ್ರೌಸರಿಗೆ ತನ್ನದೇ ಒಂದು ಶೈಲಿ ಇದೆ, ಓದುಗರಿಗೆ ಅವರದ್ದಿರಬಹುದು, ಪುಟ ಬರೆದವರದ್ದು ಮೂರನೆಯದು. ಮೂರೂ ಸೇರಿ ಒಂದರ ಮೇಲೊಂದು ಹರಿದು ಕೊನೆಗೆ ಯಾವುದು ಉಳಿಯುತ್ತದೆ ಎಂದು ತೀರ್ಮಾನಿಸುವ ನಿಯಮಗಳೇ ಅದರ ತಿರುಳು. 1994ರಲ್ಲಿ ಹೋಕನ್ ವಿಯುಮ್ ಲೀ ಮೊದಲ ಪ್ರಸ್ತಾವ ಮುಂದಿಟ್ಟಾಗ ಪ್ರತಿ ಸೂಚನೆಯ ಪಕ್ಕದಲ್ಲೂ ಅದಕ್ಕೆ ಶೇಕಡಾ ಎಷ್ಟು ಪ್ರಭಾವ ಬೇಕು ಎಂದು ಬರೆಯುವ ಏರ್ಪಾಟಿತ್ತು. ಓದುವವರಿಗೆ ಶೇ 40, ಬರೆದವರಿಗೆ ಉಳಿದದ್ದು ಎಂಬಂತೆ. 1996ರ ಡಿಸೆಂಬರಿನಲ್ಲಿ ಶಿಫಾರಸಾಗಿ ಹೊರಬಂದ ಮೊದಲ ಆವೃತ್ತಿಯಲ್ಲಿ ಶೇಕಡಾ ಲೆಕ್ಕ ಉಳಿಯಲಿಲ್ಲ. ಪೈಪೋಟಿ ಮಾತ್ರ ಉಳಿಯಿತು. ಇವತ್ತಿಗೂ ಓದುಗರು ತಮ್ಮ ಶೈಲಿಯಲ್ಲಿ ಒಂದು ಸೂಚನೆಗೆ 'ಇಂಪಾರ್ಟೆಂಟ್' ಎಂದು ಗುರುತು ಹಾಕಿದರೆ, ಬರೆದವರು ಅದೇ ಗುರುತು ಹಾಕಿದ್ದರೂ ಗೆಲ್ಲುವುದು ಓದುಗರೇ. ಈ ನಿಯಮ ಮಾಡಿದವರ ಮೇಲೆ ನನಗೆ ಗೌರವ ಹುಟ್ಟಿತು.

ಬಾಕ್ಸ್ ಮಾಡೆಲ್ ಪಾಠದಲ್ಲಿ ಬೋರ್ಡಿನ ಮೇಲೆ ಬರೀ ಕೂಡಿಸುವ ಲೆಕ್ಕ. ಪುಟದ ಮೇಲಿನ ಪ್ರತಿಯೊಂದೂ ಒಂದು ಆಯತ: ನಡುವೆ ವಿಷಯ, ಸುತ್ತ ಪ್ಯಾಡಿಂಗ್, ಅದರ ಸುತ್ತ ಬಾರ್ಡರ್, ಹೊರಗೆ ಮಾರ್ಜಿನ್. ಅಗಲ 300 ಪಿಕ್ಸೆಲ್ ಎಂದು ಬರೆದು, ಎರಡೂ ಕಡೆ 20ರ ಪ್ಯಾಡಿಂಗ್, 5ರ ಬಾರ್ಡರ್ ಕೊಟ್ಟರೆ ಪರದೆಯ ಮೇಲೆ ಅದು ಆಕ್ರಮಿಸುವುದು 350. 300 ಅಂದರೆ ಒಳಗಿನ ವಿಷಯದ ಅಗಲ ಮಾತ್ರ. 600ರ ಜಾಗದಲ್ಲಿ ಇಂಥ ಎರಡು ಕೂರುತ್ತವೆ ಎಂದುಕೊಂಡರೆ ಎರಡನೆಯದು ಕೆಳಗೆ ಬೀಳುತ್ತದೆ. 'ಬಾರ್ಡರ್-ಬಾಕ್ಸ್' ಎಂಬ ಒಂದು ಸಾಲು ಬರೆದರೆ ಎಲ್ಲ ಸೇರಿ 300 ಆಗುತ್ತದೆ. ಈಗ ಯಾರನ್ನು ಕೇಳಿದರೂ ತಮ್ಮ ಸಿಎಸ್‌ಎಸ್ ಫೈಲಿನ ಮೊದಲಿಗೇ ಅದನ್ನು ಬರೆಯುತ್ತಾರೆ. ಮಾರ್ಜಿನ್‌ಗಳ ಸ್ವಭಾವ ಇನ್ನೂ ವಿಚಿತ್ರ. ಮೇಲಿನ ಪ್ಯಾರಾ ಕೆಳಗೆ 30, ಕೆಳಗಿನ ಪ್ಯಾರಾ ಮೇಲೆ 20 ಜಾಗ ಕೇಳಿದರೆ ಸಿಗುವುದು 50 ಅಲ್ಲ, 30. ದೊಡ್ಡದು ಸಣ್ಣದನ್ನು ನುಂಗುತ್ತದೆ. ಮೊದಲಿಗೆ ಇದು ಬ್ರೌಸರಿನ ದೋಷ ಅನ್ನಿಸುತ್ತದೆ. ಶೀರ್ಷಿಕೆ, ಪ್ಯಾರಾ, ಪಟ್ಟಿ ಎಲ್ಲ ಒಂದರ ಕೆಳಗೊಂದು ಬರುವ ಉದ್ದನೆಯ ಬರಹ ಹಾಕಿ ನೋಡಿದಾಗ, ಸಾಲುಗಳ ನಡುವಿನ ಅಂತರ ಹದವಾಗಿರುವುದೇ ಈ ನುಂಗಾಟದಿಂದ ಎಂದು ತಿಳಿಯಿತು.

ನಾನು ಅಭ್ಯಾಸಗಳನ್ನೆಲ್ಲ ಕನ್ನಡದಲ್ಲೇ ಮಾಡುತ್ತಿದ್ದೆ. ಹಾಗಾಗಿ ಪಠ್ಯದಲ್ಲಿ ಇಲ್ಲದ ಪಾಠಗಳು ನನಗೆ ಸಿಕ್ಕವು. ಶೀರ್ಷಿಕೆ ಬಿಗಿಯಾಗಿ ಕಾಣಲಿ ಎಂದು ಸಾಲಿನ ಎತ್ತರವನ್ನು 1, ಅಂದರೆ ಅಕ್ಷರದ ಗಾತ್ರದಷ್ಟೇ, ಎಂದು ಕೊಡುವುದು ಹಲವು ಮಾದರಿಗಳಲ್ಲಿ ಇರುತ್ತದೆ. ರೋಮನ್ ಅಕ್ಷರಗಳಿಗೆ ಅದು ಹೊಂದುತ್ತದೆ. 'ರಾಷ್ಟ್ರೀಯ ಸ್ತ್ರೀ ಆರೋಗ್ಯ' ಎಂಬ ಶೀರ್ಷಿಕೆಗೆ ಅದನ್ನು ಕೊಟ್ಟು ನೋಡಿ: ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿದು ಕೆಳಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಹೊರಚಾಚಿದ್ದನ್ನು ಮರೆಮಾಡು ಎಂದು ಆ ಆಯತಕ್ಕೆ ಹೇಳಿದ್ದರಂತೂ ಟಕಾರದ ಕೆಳಗಿನ ರವತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. 1.5ರ ಆಚೀಚೆ ಕೊಟ್ಟ ಮೇಲೆ ಉಸಿರಾಡಿತು. ಒತ್ತಿ ಹೇಳಲು ಓರೆ ಅಕ್ಷರ ಹಾಕಿದರೆ, ಆ ಫಾಂಟಿನಲ್ಲಿ ಓರೆಯ ವಿನ್ಯಾಸವೇ ಇಲ್ಲದಿದ್ದಾಗ ಬ್ರೌಸರ್ ನೆಟ್ಟಗಿರುವ ಅಕ್ಷರವನ್ನೇ ಸೊಟ್ಟಗೆ ವಾಲಿಸುತ್ತದೆ. ಕನ್ನಡದ ದುಂಡಗಿನ ಅಕ್ಷರ ಹಾಗೆ ವಾಲಿದಾಗ ಬೀಳುವಂತೆ ಕಾಣುತ್ತದೆ. ಒತ್ತಿ ಹೇಳಬೇಕಾದಲ್ಲಿ ನಾನು ದಪ್ಪಕ್ಷರವನ್ನೋ ಬಣ್ಣವನ್ನೋ ಬಳಸತೊಡಗಿದೆ. ಶೀರ್ಷಿಕೆಯನ್ನೆಲ್ಲ ದೊಡ್ಡಕ್ಷರ ಮಾಡುವ ಸೂಚನೆ ಕನ್ನಡದ ಮೇಲೆ ಏನೂ ಪರಿಣಾಮ ಬೀರುವುದಿಲ್ಲ, ನಮಗೆ ಆ ಭೇದವೇ ಇಲ್ಲವಲ್ಲ.

ಇದರ ಇನ್ನೊಂದು ಮುಖ ಫಾರಂ ಮಾಡುವಾಗ ಕಾಣಿಸಿತು. ಹೆಸರಿನ ಜಾಗಕ್ಕೆ ಗರಿಷ್ಠ ಇಷ್ಟೇ ಅಕ್ಷರ ಎಂದು ಮಿತಿ ಹಾಕುವ ಅಭ್ಯಾಸವಿತ್ತು. 'ಲಕ್ಷ್ಮಿ' ಕಣ್ಣಿಗೆ ಎರಡು ಅಕ್ಷರ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಉದ್ದ ಕೇಳಿದರೆ 7 ಅನ್ನುತ್ತದೆ: ಲ, ಕ, ವಿರಾಮ (ಅಂದರೆ ಅರ್ಧಾಕ್ಷರದ ಗುರುತು), ಷ, ವಿರಾಮ, ಮ, ಗುಡಿಸು. 'ಕನ್ನಡ' ಅಂದರೆ 5. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಡಿಸ್ಕಿನಲ್ಲಿ ಅದು 15 ಬೈಟ್. ಹತ್ತಕ್ಷರದ ಮಿತಿ ಹಾಕಿದ ಫಾರಂನಲ್ಲಿ 'ಲಕ್ಷ್ಮಿ' ಆದಮೇಲೆ ಮನೆತನದ ಹೆಸರಿಗೆ ಜಾಗವೇ ಉಳಿಯದು. ಇದನ್ನು ತರಗತಿಯಲ್ಲಿ ತೋರಿಸಿದಾಗ ಮೇಡಂ ಆ ಮಿತಿಯನ್ನು ಅಭ್ಯಾಸದ ಹಾಳೆಯಿಂದಲೇ ತೆಗೆಸಿದರು. "ಹೆಸರು ಎಷ್ಟುದ್ದ ಇರಬೇಕು ಅಂತ ಹೇಳೋಕೆ ನಾವ್ಯಾರು" ಎಂಬುದು ಅವರ ಮಾತು.

ಲೇಔಟ್ ಪಾಠದಲ್ಲಿ ಹಳೆಯ ಕಾಲದ ಕೋಷ್ಟಕ ವಿನ್ಯಾಸ, ಆಯತಗಳನ್ನು ಎಡಕ್ಕೋ ಬಲಕ್ಕೋ ಸರಿಸುವ ಫ್ಲೋಟ್ ಇವುಗಳ ಮೇಲೆ ಸಿಲಬಸ್ ಹಿಡಿದ ಸಮಯ ದಂಡ ಎಂದೇ ನನ್ನ ಅಭಿಪ್ರಾಯ. ಹಳೆಯ ತಾಣಗಳನ್ನು ರಿಪೇರಿ ಮಾಡುವವರಿಗೆ ಬೇಕು ಅನ್ನುತ್ತಾರೆ, ಇರಲಿ. ಆಯತಗಳನ್ನು ಸಾಲಾಗಿ, ಚೌಕಳಿಯಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್ ಬಂದಮೇಲೆ ಕೈ ಓಡತೊಡಗಿತು. ಗ್ರಿಡ್ ಮುಖ್ಯ ಬ್ರೌಸರ್‌ಗಳಿಗೆ ಬಂದದ್ದು 2017ರಲ್ಲಿ. ಅದಕ್ಕೂ ಮೊದಲು ಮೂರು ಕಂಬಸಾಲನ್ನು ಸಮನಾದ ಎತ್ತರಕ್ಕೆ ನಿಲ್ಲಿಸಲು ಜನ ಪಡುತ್ತಿದ್ದ ಪಾಡನ್ನು ಕೇಳಿ ನಕ್ಕೆವು. ಫೋನಿನ ಪಾಠದಲ್ಲಿ ಮತ್ತೆ ಮೊದಲಿನ ಸಂಗತಿಯೇ. ಸ್ಮಾರ್ಟ್‌ಫೋನ್ ಬಂದಾಗ ವೆಬ್ಬಿನ ಬಹುಪಾಲು ಪುಟಗಳು ದೊಡ್ಡ ಪರದೆಗೆಂದೇ ಬರೆದಂಥವು; ಹಾಗಾಗಿ ಫೋನಿನ ಬ್ರೌಸರ್ ತಾನು ಸುಮಾರು 980 ಪಿಕ್ಸೆಲ್ ಅಗಲ ಇದ್ದೇನೆ ಎಂದು ನಟಿಸಿ, ಪುಟವನ್ನು ಹರಡಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಇರುವೆ ಸಾಲಾಗುತ್ತದೆ. 'ವ್ಯೂಪೋರ್ಟ್' ಎಂಬ ಒಂದು ಮೆಟಾ ಟ್ಯಾಗ್ ಬರೆದರೆ ನಾಟಕ ಬಿಟ್ಟು ನಿಜವಾದ ಅಗಲ ಒಪ್ಪಿಕೊಳ್ಳುತ್ತದೆ. 2010ರಲ್ಲಿ ಈಥನ್ ಮಾರ್ಕಾಟ್ 'ರೆಸ್ಪಾನ್ಸಿವ್' ಎಂಬ ಹೆಸರು ಕೊಟ್ಟ ವಿನ್ಯಾಸದ ರೀತಿ ಇದರ ಮೇಲೆಯೇ ನಿಂತಿದೆ: ಸಡಿಲ ಅಳತೆಯ ಚೌಕಟ್ಟು, ಜಾಗಕ್ಕೆ ತಕ್ಕಂತೆ ಕುಗ್ಗುವ ಚಿತ್ರ, ಪರದೆಯ ಅಗಲ ಕೇಳಿ ಬದಲಾಗುವ ಸಿಎಸ್‌ಎಸ್.

ಅಂತೂ ಬಣ್ಣದ ಸರದಿ ಬಂತು, ಅದೂ ಲೆಕ್ಕದ ಜೊತೆಗೇ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರಕ್ಕೆ ಒಂದು ಅನುಪಾತವಿದೆ. ಸಾಮಾನ್ಯ ಗಾತ್ರದ ಬರಹಕ್ಕೆ ಅದು ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಎಂದು ಕನ್ಸಾರ್ಷಿಯಂನ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ #777 ಎಂಬ ಬೂದು ಬಣ್ಣ ತರಗತಿಯ ಅರ್ಧ ಜನರಿಗೆ ಅಚ್ಚುಮೆಚ್ಚು, 'ಕ್ಲಾಸ್' ಆಗಿ ಕಾಣುತ್ತದಂತೆ. ಅನುಪಾತ ಅಳೆಯುವ ಸಾಧನಕ್ಕೆ ಹಾಕಿದರೆ 4.48 ಬರುತ್ತದೆ, ಕೂದಲೆಳೆಯಲ್ಲಿ ಫೇಲು. #767676 ಹಾಕಿದರೆ 4.54, ಪಾಸು. ಕಣ್ಣಿಗೆ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. "ಹಾಗಾದ್ರೆ ಈ ಗೆರೆಗೆ ಅರ್ಥ ಏನು ಮೇಡಂ?" ಎಂದು ಒಬ್ಬ ವಾದಕ್ಕಿಳಿದ. ಅವರು ವಾದಿಸಲಿಲ್ಲ. ಅವನ ಲ್ಯಾಪ್‌ಟಾಪಿನ ಬೆಳಕನ್ನು ತಗ್ಗಿಸಿ, ಕಿಟಕಿಯ ಬಿಸಿಲಿಗೆ ತಿರುಗಿಸಿಟ್ಟು, "ಓದು" ಅಂದರು. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಗೆರೆಯ ಹತ್ತಿರ ನಿಲ್ಲುವ ಹಟ ಯಾಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಕಪ್ಪು ಏನು ಕೆಟ್ಟದ್ದು ಮಾಡಿದೆ?

ಮೌಸ್ ಕೇಬಲ್ ಕಿತ್ತು ಕೀಬೋರ್ಡಿನಲ್ಲೇ ಪುಟ ಬಳಸುವ ಅಭ್ಯಾಸ ಇನ್ನೂ ಚುರುಕಾಗಿತ್ತು. ಟ್ಯಾಬ್ ಒತ್ತುತ್ತ ಹೋದರೆ ಲಿಂಕಿನಿಂದ ಲಿಂಕಿಗೆ ಒಂದು ಚೌಕಟ್ಟು ಸರಿಯುತ್ತ ಹೋಗಬೇಕು. ಅದು ಅಂದ ಕೆಡಿಸುತ್ತದೆ ಎಂದು ಹಲವರು ಒಂದು ಸಾಲಿನಲ್ಲಿ ಅದನ್ನು ತೆಗೆದುಹಾಕಿದ್ದರು. ಈಗ ತಾವೇ ಎಲ್ಲಿದ್ದೇವೆ ಎಂದು ತಿಳಿಯದೆ ಒತ್ತುತ್ತಲೇ ಇದ್ದರು. ಬಟನ್ ಟ್ಯಾಗ್ ಬಿಟ್ಟು, ಡಿವ್ ಎಂಬ ತನ್ನದೇ ಅರ್ಥವಿಲ್ಲದ ಖಾಲಿ ಡಬ್ಬಿಗೆ ಬಣ್ಣ ಬಳಿದು ಬಟನ್ ಮಾಡಿದವರ ಪುಟದಲ್ಲಿ ಟ್ಯಾಬ್ ಅಲ್ಲಿ ನಿಲ್ಲಲೇ ಇಲ್ಲ, ಹಾರಿ ಮುಂದೆ ಹೋಯಿತು. ಯಾವುದಕ್ಕೆ ಯಾವ ಟ್ಯಾಗ್ ಎಂದು ಮೊದಲ ವಾರಗಳಲ್ಲಿ ಅಷ್ಟು ಜಗ್ಗಾಡಿದ್ದು ಯಾಕೆಂದು ಆ ಲ್ಯಾಬಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಜಾವಾಸ್ಕ್ರಿಪ್ಟ್ ಬಗ್ಗೆ ಹೆಚ್ಚು ಹೇಳಲಾರೆ; ಕೋರ್ಸೂ ಅವಸರದಲ್ಲೇ ಮುಗಿಸಿತು. 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತು ದಿನದಲ್ಲಿ ಬರೆದರು ಎಂದು ಕೇಳಿದಾಗ ತರಗತಿಗೆ ಅದರ ಕೆಲವು ವರ್ತನೆಗಳ ಬಗ್ಗೆ ಕನಿಕರ ಹುಟ್ಟಿತು. ಎರಡು ಖಾನೆಗಳಲ್ಲಿ 5 ಮತ್ತು 7 ಬರೆದು ಕೂಡಿಸು ಎಂದರೆ 57 ಅನ್ನುತ್ತದೆ. ಖಾನೆಯಲ್ಲಿ ಬರೆದದ್ದೆಲ್ಲ ಅದಕ್ಕೆ ಬರೀ ಅಕ್ಷರಗಳ ಸಾಲು, ಸಂಖ್ಯೆ ಎಂದು ನಾವೇ ಪರಿವರ್ತಿಸಬೇಕು. ಫಾರಂ ತಪಾಸಣೆ ಮಾಡುವ ಕೋಡ್ ಬರೆದು ನಾವು ಬೀಗುತ್ತಿದ್ದಾಗ ಮೇಡಂ ಮತ್ತದೇ ಇನ್‌ಸ್ಪೆಕ್ಟ್ ತೆರೆದು, ಕಡ್ಡಾಯ ಎಂಬ ಗುರುತನ್ನು ಅಳಿಸಿ, ಖಾಲಿ ಫಾರಂ ಕಳಿಸಿ ತೋರಿಸಿದರು. ಬ್ರೌಸರಿನಲ್ಲಿ ಮಾಡುವ ತಪಾಸಣೆ ತುಂಬುವವರ ಅನುಕೂಲಕ್ಕೆ. ಕಾವಲು ಕೆಲಸ ಸರ್ವರಿನದ್ದು. ಫಾರಂ ಕಳಿಸಲು 'ಗೆಟ್', 'ಪೋಸ್ಟ್' ಎಂದು ಎರಡು ವಿಧಾನ. ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಫಾರಂಗೆ 'ಗೆಟ್' ಸರಿ, ಹುಡುಕಿದ ಪದ ವಿಳಾಸದಲ್ಲೇ ಬರುವುದರಿಂದ ಆ ಲಿಂಕನ್ನು ಗೆಳೆಯರಿಗೆ ಕಳಿಸಬಹುದು. ಪಾಸ್‌ವರ್ಡಿಗೆ ಅದನ್ನೇ ಬಳಸಿದರೆ ಪಾಸ್‌ವರ್ಡೂ ವಿಳಾಸದಲ್ಲೇ ಮೆರೆಯುತ್ತದೆ, ಅಲ್ಲಿ 'ಪೋಸ್ಟ್' ಬೇಕು. ಇಷ್ಟು ಪ್ರಾಯೋಗಿಕವಾಗಿ ಹೇಳಿದ್ದರಿಂದ ಆ ಎರಡರ ವ್ಯತ್ಯಾಸ ಎಂದೂ ಮರೆಯಲಿಲ್ಲ.

ಕೊನೆಯ ಪ್ರಾಜೆಕ್ಟಿಗೆ ನಮ್ಮ ತಂಡ ಗ್ರಂಥಾಲಯದ ತಾಣವನ್ನೇ ತೆಗೆದುಕೊಂಡಿತು, ಆ ನೋಟೀಸು ಹೇಗೂ ಬಾಯಿಪಾಠವಾಗಿತ್ತು. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು ವೈರ್‌ಫ್ರೇಮ್, ಆಮೇಲೆ ಕೋಡ್. ಮುಖಪುಟದ ತಲೆಯ ಮೇಲೆ ಜಾರುವ ಚಿತ್ರಗಳ ಸ್ಲೈಡರ್ ಬೇಕೇಬೇಕು ಎಂದು ತಂಡದ ಬಹುಮತ. ನನಗೆ ಮನಸ್ಸಿರಲಿಲ್ಲ, ಆದರೂ ಬಂತು. ಅದು ಬಂದಮೇಲೆ ಬಳಕೆದಾರರ ಪರೀಕ್ಷೆ. ಐದು ಜನರನ್ನು ಕೂರಿಸಿ ನೋಡಿದರೆ ಬಹುಪಾಲು ತೊಡಕುಗಳು ಹೊರಬೀಳುತ್ತವೆ ಎಂದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ಆಧಾರ ಮಾಡಿಕೊಂಡು ಐವರನ್ನು ಕರೆಯಬೇಕಿತ್ತು. ನಿಯಮ ಒಂದೇ: ಅವರು ತಡಕಾಡುವಾಗ ನಾವು ಬಾಯಿ ಬಿಡಬಾರದು.

ಮೊದಲು ಕೂತವರು ಗ್ರಂಥಾಲಯಕ್ಕೆ ದಿನಾ ಬರುವ ಒಬ್ಬ ಸಂಶೋಧನಾ ವಿದ್ಯಾರ್ಥಿ. "ಭಾನುವಾರ ಎಷ್ಟು ಹೊತ್ತಿಗೆ ಮುಚ್ತಾರೆ, ಹುಡುಕಿ ಸರ್" ಎಂದು ಹೇಳಿ ಸುಮ್ಮನಾದೆವು. ಅವರು ಸ್ಲೈಡರನ್ನು ನೋಡಲೇ ಇಲ್ಲ. ಕಣ್ಣು ನೇರ ಅದರ ಕೆಳಗಿಳಿಯಿತು. 'ನಮ್ಮ ಬಗ್ಗೆ' ಒತ್ತಿದರು, ಇಲ್ಲ. 'ನಿಯಮಗಳು' ಒತ್ತಿದರು, ಇಲ್ಲ. 'ಸಂಪರ್ಕ'ದಲ್ಲಿ ಫೋನ್ ನಂಬರ್ ಸಿಕ್ಕಿತು. "ಫೋನ್ ಮಾಡಿ ಕೇಳ್ಬಿಡ್ತೀನಿ" ಎಂದು ನಗುತ್ತ ನಮ್ಮ ಕಡೆ ತಿರುಗಿದರು. ಸ್ಲೈಡರ್ ಪರವಾಗಿ ವಾದಿಸಿದ್ದ ಗೆಳೆಯ ಕುರ್ಚಿಯ ಕೈಯನ್ನು ಹಿಸುಕುತ್ತಿದ್ದ. ಸಮಯದ ಪಟ್ಟಿ ಸ್ಲೈಡರಿನ ಮೂರನೆಯ ಚಿತ್ರದೊಳಗೆ, ಕಟ್ಟಡದ ಫೋಟೋದ ಮೇಲೆ ಬಿಳಿ ಅಕ್ಷರದಲ್ಲಿತ್ತು. ಅದು ಬರಹವಲ್ಲ, ಚಿತ್ರದ ಭಾಗ. ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಓದಲಾರದು, ಫೋನಿನಲ್ಲಿ ಕುಗ್ಗಿದರೆ ಯಾರಿಗೂ ಕಾಣದು. ಎರಡನೆಯವರೂ ಅದೇ ದಾರಿ ಹಿಡಿದರು, ಮೂರನೆಯವರೂ. ನಾಲ್ಕನೆಯವರು ಬರುವಷ್ಟರಲ್ಲಿ ಸಮಯದ ಕೋಷ್ಟಕ ಮುಖಪುಟದ ಮೇಲ್ಭಾಗಕ್ಕೆ ಬಂದಿತ್ತು, ಸ್ಲೈಡರ್ ಹೋಗಿತ್ತು. ತೆಗೆದು ಹಾಕಿದವನು ಆ ಗೆಳೆಯನೇ, ಯಾರೂ ಹೇಳಬೇಕಾಗಲಿಲ್ಲ.

ಲಿಖಿತ ಪರೀಕ್ಷೆಯಲ್ಲಿ ಕೋಡನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬರೆಯಬೇಕಿತ್ತು. ಕೋಷ್ಟಕದ ಟ್ಯಾಗ್‌ಗಳನ್ನು ಸಾಲಾಗಿ ಇಂಡೆಂಟ್ ಬಿಟ್ಟು ಕೈಯಲ್ಲಿ ಬರೆಯುವುದು ಯಾವ ಜಾಣತನವನ್ನು ಅಳೆಯುತ್ತದೆ ಎಂದು ನನಗೆ ತಿಳಿದಿಲ್ಲ. ಮೌಖಿಕ ಪರೀಕ್ಷೆ ಮಾತ್ರ ಚೊಕ್ಕವಾಗಿತ್ತು. ಮೇಡಂ ನಮ್ಮ ಪುಟದ ಒಂದು ಸಾಲನ್ನು ತೋರಿಸಿ "ಇದನ್ನ ತೆಗೆದರೆ ಏನಾಗುತ್ತೆ?" ಎಂದು ಕೇಳುತ್ತಿದ್ದರು, ಉತ್ತರ ಹೇಳಿದ ಮೇಲೆ ತೆಗೆದು ನೋಡುತ್ತಿದ್ದರು. ಪ್ರಾಂಪ್ಟ್ ಕೊಟ್ಟು ಎಐ ಹತ್ತಿರ ಪುಟ ಬರೆಸಿಕೊಂಡು ಬಂದವರು ಸಿಕ್ಕಿಬೀಳುತ್ತಿದ್ದುದು ಇಲ್ಲೇ. ಬಳಸಬೇಡಿ ಎಂದೇನೂ ಅವರು ಹೇಳಿರಲಿಲ್ಲ. ಆದರೆ ಡಿವ್ ಒಳಗೆ ಡಿವ್, ಅದರೊಳಗೆ ಇನ್ನೊಂದು ಡಿವ್ ಇದ್ದ ಪುಟದಲ್ಲಿ ನಡುವಿನದು ಯಾಕಿದೆ ಎಂದು ಕೇಳಿದರೆ ಹೇಳಲು ಬರಬೇಕಲ್ಲ.

ಈ ಕೋರ್ಸ್ ತೆಗೆದುಕೊಳ್ಳಬೇಕೆಂದಿರುವ ಕಿರಿಯರು ಈಗ ನನ್ನನ್ನು ಕೇಳುವುದುಂಟು: ಚಿತ್ರ ಬರೆಯಲು ಬರಬೇಕಾ, ಗಣಿತ ಗಟ್ಟಿ ಇರಬೇಕಾ? ಎರಡೂ ಬೇಡ. ಕೂಡುವುದು ಕಳೆಯುವುದು ಗೊತ್ತಿದ್ದರೆ ಬಾಕ್ಸ್ ಮಾಡೆಲ್ ದಾಟಬಹುದು. ಕಾಗುಣಿತದ ತಪ್ಪು ಕಣ್ಣಿಗೆ ಚುಚ್ಚುವ ಸ್ವಭಾವ ಇದ್ದರೆ ಒಳ್ಳೆಯದು, ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೆ ಅರ್ಧ ಪುಟ ಮಾಯವಾಗುತ್ತದೆ. ಡೇಟಾಬೇಸ್, ಲಾಗಿನ್, ಸರ್ವರ್ ಬದಿಯ ಕೋಡ್ ಇವೆಲ್ಲ ಮುಂದಿನ ಕೋರ್ಸಿಗೆ ಬಿಟ್ಟದ್ದು. ಇದರಲ್ಲಿ ಅವನ್ನು ನಿರೀಕ್ಷಿಸಬೇಡಿ. ದುಬಾರಿ ಯಂತ್ರ, ದುಬಾರಿ ತಂತ್ರಾಂಶ ಕೊಳ್ಳಬೇಡಿ. ಯಾವ ಎಡಿಟರ್ ಆದರೂ ನಡೆಯುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇದೆಯೇ ನೋಡಿಕೊಳ್ಳಿ, ಪುಟದ ಹೆಡ್ ಭಾಗದಲ್ಲೂ ಅದನ್ನೇ ಹೇಳಿ, ಇಲ್ಲದಿದ್ದರೆ ಮೊದಲ ದಿನವೇ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳನ್ನು ನೋಡುತ್ತ ಕೂರಬೇಕಾಗುತ್ತದೆ.